ಬಿ.ಎ. ಇಂಟರ್ನ್ ಬಂದಾನ್ರೀ!

ಇಂಟರ್ನ್‌ಶಿಪ್ ಅಂದರೆ ಬಿ.ಕಾಂ. ಹುಡುಗನಿಗೆ ಆಡಿಟರ್ ಆಫೀಸಿದೆ, ಬಿ.ಸಿ.ಎ. ಹುಡುಗಿಗೆ ಹುಬ್ಬಳ್ಳಿಯ ಯಾವುದೋ ಸಾಫ್ಟ್‌ವೇರ್ ಕಂಪನಿ ಇದೆ. ಎಚ್‌ಇಪಿ ಹುಡುಗನಿಗೆ ಇರುವುದು ಸೋದರಮಾವ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಮೂರನ್ನೂ ಓದಿದವನನ್ನು ಎಲ್ಲಿ ಕೂರಿಸಬೇಕೆಂದು ಕಾಲೇಜಿಗೂ ತಿಳಿಯದು, ಪೇಟೆಗೂ ತಿಳಿಯದು. ಮಾವ ಒಂದು ಫೋನು ಹಚ್ಚುತ್ತಾನೆ. ಝೆರಾಕ್ಸ್ ಅಂಗಡಿ, ವಾರಪತ್ರಿಕೆ, ಪಂಚಾಯಿತಿಯ ಅರಿವು ಕೇಂದ್ರ, ಇಲ್ಲವೇ ಊರಿನ ಸೊಸೈಟಿ, ಎಲ್ಲೋ ಒಂದು ಕಡೆ ಕುರ್ಚಿ ಸಿಗುತ್ತದೆ. ಯುಜಿಸಿಯ 2024ರ ಮಾರ್ಗಸೂಚಿಯಂತೆ ಒಂದು ಕ್ರೆಡಿಟ್ ಅಂದರೆ 30 ಗಂಟೆ. ಕೂತರೂ ಗಂಟೆ, ನಿಂತರೂ ಗಂಟೆ.

ಗದಗ ಕಡೆಯ ಸೊಸೈಟಿಯೊಂದಕ್ಕೆ ಇಂಥವನೊಬ್ಬ ಬಂದ. ಇಸ್ತ್ರಿ ಅಂಗಿ, ಬಗಲಲ್ಲಿ ಫೈಲು. ಆಡಿಟ್‌ನವರೇ ಬಂದರೆಂದು ಕಾರ್ಯದರ್ಶಿ ದಡಬಡಿಸಿ ಎದ್ದು ನಿಂತರು. ಕಾಲೇಜಿನ ಪತ್ರ ಓದಿ ಕೂತರು.

‘ಕಂಪ್ಯೂಟರ್ ಬರತೈತೇನಪಾ?’

‘ಇಲ್ರೀ.’

‘ಟೈಪಿಂಗು?’

‘ಮೊಬೈಲ್‌ನ್ಯಾಗ ಮಾಡ್ತೀನ್ರೀ.’

‘ಮತ್ತ ಏನ್ ಬರತೈತಿ?’

‘ಫ್ರೆಂಚ್ ಕ್ರಾಂತಿ ಬರತೈತ್ರೀ.’

ಕಾರ್ಯದರ್ಶಿ ಅವನನ್ನು ಚಹಾಕ್ಕೆ ಕಳಿಸಿದರು.

ಒಂದು ವಾರ ಕಳೆಯುವುದರೊಳಗೆ ಹುಡುಗನ ಕಸುಬು ಬಯಲಿಗೆ ಬಂತು. ಅವನಿಗೆ ಮಾತು ಕೇಳಲು ಬರುತ್ತದೆ. ಬೆಂಚಿನ ಮೇಲೆ ಕೂತ ಮುದುಕರು ಅವನಿಂದ ಅರ್ಜಿ ಬರೆಸಿಕೊಳ್ಳುತ್ತ ಮನೆಯ ಸಂಗತಿಯನ್ನೆಲ್ಲ ಬಿಚ್ಚುತ್ತಿದ್ದರು. ಯಾರ ಪಾಲು ಇನ್ನೂ ಆಗಿಲ್ಲ, ಯಾವ ನಿರ್ದೇಶಕರಿಗೆ ಯಾರ ಮೇಲೆ ಸಿಟ್ಟು, ಎಲ್ಲ ಬಾಯಿಪಾಠವಾಯಿತು. (ರಾಜ್ಯಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಲ್ಯಾಬು ನಾನು ಕಂಡಿಲ್ಲ.) ಅಷ್ಟರಲ್ಲಿ ಮಾರ್ಚ್ ಬಂತು, ಸಾಲ ನವೀಕರಣದ ಹಬ್ಬ. ಸೊಸೈಟಿಯ ಬೆಳೆಸಾಲಕ್ಕೆ ಬಡ್ಡಿಯಿಲ್ಲ; ಬಡ್ಡಿಯಿಲ್ಲದ ಸಾಲದ ಮಿತಿಯನ್ನು ಸರ್ಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದೆ. ಆದರೆ ಗಡುವಿನೊಳಗೆ ಒಮ್ಮೆ ಪೂರ್ತಿ ಕಟ್ಟಿದರಷ್ಟೇ ಮತ್ತೆ ಸಿಗುವುದು. ಕಟ್ಟಲು ರೊಕ್ಕ ಬೇಕಲ್ಲ? ಪೇಟೆಯಲ್ಲಿ ಕೈಗಡ ತಂದು ಕಟ್ಟಬೇಕು, ಹೊಸ ಸಾಲ ಜಮಾ ಆದಮೇಲೆ ಅದನ್ನು ತೀರಿಸಬೇಕು. ಬಡ್ಡಿಯಿಲ್ಲದ ಸಾಲ ಉಳಿಸಿಕೊಳ್ಳಲು ಬಡ್ಡಿಯ ಸಾಲ! ಹುಡುಗ ಇದನ್ನೆಲ್ಲ ಕಣ್ಣಾರೆ ಕಂಡ, ಕೈಗಡ ಕೊಡುವವನ ಮನೆ ಯಾವುದೆಂಬುದನ್ನೂ ತಿಳಿದುಕೊಂಡ.

ಆಮೇಲೆ ವರದಿ ಬರೆದ. ಬರೆದ ಅಂದರೆ, ಹೋದ ವರ್ಷದ ಸೀನಿಯರ್‌ನ ವರದಿಯನ್ನು ಝೆರಾಕ್ಸ್ ಅಂಗಡಿಯಿಂದ ತಂದ. ಮೊದಲ ಪುಟದಲ್ಲಿ ಕಣಗಿನಹಾಳ, 1905, ಅಲ್ಲಿ ಸಹಕಾರ ಸಂಘ ಕಟ್ಟಿದ ಸಿದ್ದನಗೌಡ ಪಾಟೀಲರು. ಗದಗ ಸೀಮೆಯ ಯಾವ ಸಹಕಾರ ವರದಿಯೂ ಅವರಿಗೆ ಕೈಮುಗಿಯದೆ ಮುಂದೆ ಹೋಗುವುದಿಲ್ಲ, ಹೋಗಲೂಬಾರದು. ನಂತರ ಸಂಘದ ಧ್ಯೇಯೋದ್ದೇಶ, ಸಿಬ್ಬಂದಿಯ ಪಟ್ಟಿ, ಕಟ್ಟಡದ ಮುಂದೆ ತೆಗೆಸಿಕೊಂಡ ಫೋಟೊ. ಕೈಗಡದ ಸಾಲೊಂದೂ ಇಲ್ಲ.

‘ನೋಡಿದ್ದನ್ನ ಯಾಕ ಬರೀಲಿಲ್ಲೋ?’ ಎಂದೆ.

‘ಅದು ಸಿಲೆಬಸ್‌ನ್ಯಾಗ ಇಲ್ರೀ.’

ವೈವಾದಲ್ಲಿ ಏನು ಕಲಿತೆ ಎಂದು ಕೇಳಿದರು. ‘ಟೀಮ್ ವರ್ಕ್, ಕಮ್ಯುನಿಕೇಶನ್ ಸ್ಕಿಲ್ ಸರ್’ ಎಂದ. ಕೇಳಿದವರಿಗೂ ಅಷ್ಟೇ ಬೇಕಿತ್ತು. ಹೊರಗೆ ಇನ್ನೂ ಉದ್ದನೆಯ ಪಾಳಿ ಇತ್ತು.

ಒಳ್ಳೆಯ ಅಂಕಗಳೇ ಬಂದವು. ವರದಿ ಈಗ ಮತ್ತೆ ಝೆರಾಕ್ಸ್ ಅಂಗಡಿಯಲ್ಲಿದೆ. ಮುಂದಿನ ಬ್ಯಾಚಿನವರಲ್ಲಿ ಒಂದು ವಿನಂತಿ: ಕೃತಜ್ಞತೆಯ ಪುಟದಲ್ಲಿ ಸಹಿಯ ಕೆಳಗೆ ಇನ್ನೂ ಹಳೆಯ ಸೀನಿಯರ್‌ನ ಹೆಸರೇ ಉಳಿದಿದೆ, ಅದನ್ನಾದರೂ ತಿದ್ದಿಕೊಳ್ಳಿ.