ಮಣ್ಣಿನ ದ್ರೋಣ, ಬಣ್ಣದ ಪೆನ್ನು

ದೂರಶಿಕ್ಷಣ ಎಂಬ ಮಾತು ಚಾಲ್ತಿಗೆ ಬರುವ ಮುಂಚೆ ಕನ್ನಡದಲ್ಲಿ ಅದಕ್ಕೊಂದು ಸೊಗಸಾದ ಹೆಸರಿತ್ತು: ಅಂಚೆ ತೆರಪಿನ ಶಿಕ್ಷಣ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಶುರುಮಾಡಿದ ಈ ವ್ಯವಸ್ಥೆಯೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಮುಕ್ತಗಂಗೋತ್ರಿ ಎಂಬ ಆವರಣದಲ್ಲಿ ನೆಲೆ ನಿಂತಿತು. ಪಾಠ ಅಂಚೆಯಲ್ಲಿ ಬರುತ್ತದೆ, ದುಡಿಮೆಯ ನಡುವೆ ಸಿಕ್ಕ ತೆರಪಿನಲ್ಲಿ ಓದಿಕೊಳ್ಳಬೇಕು ಎಂಬುದು ಹೆಸರಿಟ್ಟವರ ಎಣಿಕೆ ಇದ್ದೀತು. ಈಗ ಅಂಚೆಯ ಪಕ್ಕದಲ್ಲಿ ಪಿಡಿಎಫ್ ಕೂಡ ಬಂದು ಕೂತಿದೆ. ತೆರಪು ಮಾತ್ರ ಹಾಗೇ ಇದೆ, ಆದರೆ ಅದೀಗ ಪ್ರವೇಶದ ದಿನಕ್ಕೂ ಪರೀಕ್ಷೆಯ ದಿನಕ್ಕೂ ನಡುವೆ ಬಿದ್ದುಕೊಂಡಿದೆ. ಆ ತೆರಪಿನಲ್ಲಿ ವಾಸಮಾಡುವ ಜೀವಿಯೇ ನಮ್ಮ ಕಥಾನಾಯಕ.

ಈತನಿಗೆ ಮೂವತ್ತು ದಾಟಿದೆ, ಕೆಲವೊಮ್ಮೆ ನಲವತ್ತೂ ದಾಟಿದೆ. ಪ್ರಾಥಮಿಕ ಶಾಲೆಯ ಮೇಷ್ಟ್ರು, ಬಸ್ ಕಂಡಕ್ಟರ್, ಠಾಣೆಯ ರೈಟರ್, ಸೊಸೈಟಿಯ ಗುಮಾಸ್ತ, ಹೀಗೆ ಯಾರಾದರೂ ಆಗಿರಬಹುದು. ‘ಈತ’ ಎಂದದ್ದು ವ್ಯಾಕರಣದ ಅನುಕೂಲಕ್ಕೆ. ಮದುವೆಯ ಗಡಿಬಿಡಿಯಲ್ಲಿ ಬಿಟ್ಟ ಬಿ.ಎ.ಯನ್ನು ಮಕ್ಕಳು ಹೈಸ್ಕೂಲಿಗೆ ಬಂದ ಮೇಲೆ ಮತ್ತೆ ಎತ್ತಿಕೊಂಡ ‘ಈಕೆ’ಯರಿಗೂ ಬರ ಇಲ್ಲ. ಈತನನ್ನು ಸೋಮಾರಿ ಎಂದು ನಗುವುದು ರೂಢಿ. ಅದು ಶುದ್ಧ ತಪ್ಪು. ದೂರವಿದ್ಯಾರ್ಥಿಯಷ್ಟು ದುಡಿಯುವ ವಿದ್ಯಾರ್ಥಿ ಇನ್ನೊಬ್ಬನಿಲ್ಲ. ಆತನ ದುಡಿಮೆಯೆಲ್ಲ ಓದಿನ ಸುತ್ತಲೇ ಪ್ರದಕ್ಷಿಣೆ ಹಾಕುತ್ತದೆ, ಗರ್ಭಗುಡಿಯೊಳಗೆ ಮಾತ್ರ ಕಾಲಿಡುವುದಿಲ್ಲ. ಪುಸ್ತಕದ ಪಾರ್ಸೆಲ್ ಬಂದ ದಿನ ನೋಡಬೇಕು. ಅಷ್ಟೂ ಪುಸ್ತಕಗಳಿಗೆ ಬೈಂಡ್ ಹಾಕಿ, ಲೇಬಲ್ ಅಂಟಿಸಿ, ಅದರ ಮೇಲೆ ಮಗಳ ಕೈಯಲ್ಲಿ ದುಂಡಗೆ ಹೆಸರು ಬರೆಸುತ್ತಾನೆ. ನವರಾತ್ರಿಯಲ್ಲಿ ಮೂಲಾ ನಕ್ಷತ್ರದ ದಿನ ಸರಸ್ವತಿಯ ಮುಂದೆ ಪುಸ್ತಕ ಪೂಜೆಗಿಟ್ಟರೆ ವಿಜಯದಶಮಿಯವರೆಗೆ ಓದಬಾರದಷ್ಟೆ. ಬೇರೆ ಎಷ್ಟು ಶಾಸ್ತ್ರ ಮರೆತಿದ್ದರೂ ಇದೊಂದನ್ನು ಈತ ಮರೆಯುವುದಿಲ್ಲ. ಶ್ರದ್ಧೆ ಹೆಚ್ಚಾಗಿ ದೀಪಾವಳಿಯವರೆಗೂ ಪಾಲಿಸುವುದುಂಟು.

ಆಮೇಲೆ ಬರುವುದು ವೇಳಾಪಟ್ಟಿ. ಸ್ಕೇಲಿಟ್ಟು ಗೆರೆ ಎಳೆದು, ಬೆಳಗಿನ ನಾಲ್ಕೂವರೆಯಿಂದ ಆರಂಭವಾಗುವ ಪಟ್ಟಿಯದು. ಹುಟ್ಟಿದಾಗಿನಿಂದ ಏಳಕ್ಕೆ ಮುಂಚೆ ಎದ್ದವನಲ್ಲ. ಆದರೂ ಅರ್ಥಶಾಸ್ತ್ರಕ್ಕೆ ಬ್ರಾಹ್ಮೀ ಮುಹೂರ್ತವನ್ನೇ ಕೊಡುತ್ತಾನೆ. ಆ ಪಟ್ಟಿಯಲ್ಲಿ ಯಾರಿಗೂ ಜ್ವರ ಬರುವುದಿಲ್ಲ, ಗೃಹಪ್ರವೇಶದ ಕರೆಯೋಲೆ ಬರುವುದಿಲ್ಲ, ಚುನಾವಣಾ ಡ್ಯೂಟಿ ಬೀಳುವುದಿಲ್ಲ, ಭಾವಮೈದ ಊರಿನಿಂದ ಇಳಿಯುವುದಿಲ್ಲ. ಈ ಮರುಳು ಈತನೊಬ್ಬನದೇ ಅಲ್ಲ ಎಂಬುದಕ್ಕೆ ಸಾಕ್ಷಿ ಇದೆ. ಬ್ಯೂಲರ್, ಗ್ರಿಫಿನ್, ರಾಸ್ ಎಂಬ ಮನಶ್ಶಾಸ್ತ್ರಜ್ಞರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು ಎಷ್ಟು ದಿನಕ್ಕೆ ಮುಗಿಸುತ್ತೀರಿ ಎಂದು ಕೇಳಿದ್ದರು. ಸರಾಸರಿ 34 ದಿನ ಎಂದರು. ಎಲ್ಲವೂ ಕೆಟ್ಟು ಕೆರ ಹಿಡಿದರೆ ಎಷ್ಟು ದಿನ ಎಂದು ಮತ್ತೆ ಕೇಳಿದಾಗ 49ರ ಹತ್ತಿರ ಬಂದರು. ಮುಗಿದದ್ದು ಸುಮಾರು 55 ದಿನಕ್ಕೆ. ಅಂದರೆ ನಮ್ಮ ಕೆಟ್ಟ ಕನಸೂ ವಾಸ್ತವಕ್ಕಿಂತ ಒಂದು ವಾರ ಸಿಹಿಯಾಗಿರುತ್ತದೆ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೋ) ಪದವಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ ಎಂದು ಕಾಲ ಕೊಟ್ಟಿರುವುದು ಈ ಸ್ವಭಾವವನ್ನು ಬಲ್ಲವರ ಔದಾರ್ಯವೇ ಇರಬೇಕು. ನಮ್ಮ ನಾಯಕ ಮಾತ್ರ ಅದನ್ನು ಪದವಿ ಆರು ವರ್ಷದ್ದು, ಮೂರು ವರ್ಷಕ್ಕೆ ಮುಗಿಸಿದವರಿಗೆ ರಿಯಾಯಿತಿ ಎಂದು ಓದಿಕೊಳ್ಳುತ್ತಾನೆ.

ಕೊನೆಗೊಂದು ದಿನ ಓದಲು ಕೂರುತ್ತಾನೆ. ಕೈಯಲ್ಲಿ ಬಣ್ಣದ ಪೆನ್ನು. ಮುಖ್ಯವಾದ ಸಾಲಿಗೆ ಹಳದಿ, ಬಹಳ ಮುಖ್ಯವಾದದ್ದಕ್ಕೆ ಹಸಿರು, ಬಂದೇ ಬರುವ ಪ್ರಶ್ನೆಗೆ ಗುಲಾಬಿ. ಘಟಕ ಮುಗಿಯುವಷ್ಟರಲ್ಲಿ ಪುಟವೆಲ್ಲ ಹೋಳಿಯಾಡಿ ಬಂದಂತಿರುತ್ತದೆ, ಬಣ್ಣ ಹಚ್ಚದೆ ಉಳಿದ ನಾಲ್ಕು ಸಾಲುಗಳೇ ಎದ್ದು ಕಾಣುತ್ತವೆ. ಆಮೇಲೆ ಬಣ್ಣದ ಸಾಲುಗಳನ್ನು ಮತ್ತೆ ಓದುತ್ತಾನೆ, ಇನ್ನೊಮ್ಮೆ ಓದುತ್ತಾನೆ. ಪ್ರತಿ ಸಲವೂ ‘ಹೌದಲ್ಲ, ಇದು ಗೊತ್ತು’ ಎನಿಸುತ್ತದೆ. ಮೋಸ ಇರುವುದು ಇಲ್ಲೇ. ದಿನಾ ಬಸ್‌ಸ್ಟ್ಯಾಂಡಿನಲ್ಲಿ ಎದುರಾಗುವ ಮುಖವೂ ಗೊತ್ತು ಎನಿಸುತ್ತದೆ, ಹೆಸರು ಕೇಳಿದರೆ ಮಾತ್ರ ತಬ್ಬಿಬ್ಬು. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನು ಅಳೆದು ತೋರಿಸಿದರು. ಒಂದು ಗುಂಪು ಒಂದೇ ಪಾಠವನ್ನು ನಾಲ್ಕು ಸರದಿಯಲ್ಲೂ ಓದಿತು. ಲೆಕ್ಕ ಹಾಕಿದರೆ ತಲೆಗೆ ಹದಿನಾಲ್ಕು ಸಲ. ಇನ್ನೊಂದು ಗುಂಪು ಮೊದಲ ಸರದಿಯಲ್ಲಿ ಮೂರು ನಾಲ್ಕು ಸಲ ಓದಿ, ಪಾಠವನ್ನು ಬದಿಗಿಟ್ಟು, ಉಳಿದ ಮೂರು ಸರದಿಯಲ್ಲಿ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದಾಗ ಓದಿದವರಿಗೆ ಶೇ. 40ರಷ್ಟು ನೆನಪಿತ್ತು, ಬರೆದವರಿಗೆ ಶೇ. 61ರಷ್ಟು. ತಮಾಷೆಯೆಂದರೆ, ಚೆನ್ನಾಗಿ ನೆನಪಿರುತ್ತದೆ ಎಂಬ ಧೈರ್ಯ ಹೆಚ್ಚಾಗಿದ್ದದ್ದು ಹದಿನಾಲ್ಕು ಸಲ ಓದಿದವರಿಗೇ. ಡನ್ಲಾಸ್ಕಿ ಎಂಬ ಮನಶ್ಶಾಸ್ತ್ರಜ್ಞ ಮತ್ತು ನಾಲ್ವರು ಸಹವರ್ತಿಗಳು 2013ರಲ್ಲಿ ಓದಿನ ಹತ್ತು ತಂತ್ರಗಳನ್ನು ಒರೆಗೆ ಹಚ್ಚಿದಾಗಲೂ ಬಣ್ಣ ಹಚ್ಚುವುದು, ಮರಳಿ ಓದುವುದು ಎರಡೂ ಕೆಳಗಿನ ಸಾಲಿಗೇ ಬಿದ್ದವು. ತನ್ನನ್ನು ತಾನೇ ಪ್ರಶ್ನೆ ಕೇಳಿಕೊಳ್ಳುವುದು, ಓದನ್ನು ದಿನಗಳ ಮೇಲೆ ಹರಡಿಕೊಳ್ಳುವುದು ಮೇಲಕ್ಕೇರಿದವು.

ಹಾಗಾದರೆ ಈತ ಯಾಕೆ ಹೀಗೆ? ದೂರಶಿಕ್ಷಣದ ಯಾವ ಸಮಾರಂಭಕ್ಕೆ ಹೋದರೂ ಯಾರಾದರೊಬ್ಬರು ಏಕಲವ್ಯನನ್ನು ಎಳೆದು ತರುತ್ತಾರೆ. ಗುರು ಎದುರಿಗಿಲ್ಲದೆ ಕಲಿತವನು, ಮಣ್ಣಿನ ದ್ರೋಣನನ್ನು ಮಾಡಿಕೊಂಡವನು ಎಂದು ಚಪ್ಪಾಳೆ ಗಿಟ್ಟಿಸುತ್ತಾರೆ. ಆದರೆ ಏಕಲವ್ಯ ಕಲಿತದ್ದು ಮೂರ್ತಿಯಿಂದಲ್ಲ, ಬಾಣದಿಂದ. ಬಿಟ್ಟ ಬಾಣ ಗುರಿಗೆ ತಾಗಿತೋ ಇಲ್ಲವೋ ಎಂಬುದು ತಕ್ಷಣ ಕಣ್ಣಿಗೆ ಕಾಣುತ್ತಿತ್ತು. ನಮ್ಮ ನಾಯಕ ಮೂರ್ತಿ ಮಾಡುವುದರಲ್ಲಿ ಏಕಲವ್ಯನನ್ನು ಮೀರಿಸಿದ್ದಾನೆ. ವೇಳಾಪಟ್ಟಿ ಅವನಿಗೆ ಕಾಲೇಜಿನ ಗಂಟೆ, ಹೊಸ ಮೇಜು ಅವನಿಗೆ ಬೆಂಚು, ಬಣ್ಣದ ಪೆನ್ನು ಕರಿಹಲಗೆಯ ಮೇಲೆ ಗೀಟು ಹಾಕುವ ಮೇಷ್ಟ್ರ ಕೈ. ಇಲ್ಲದ ತರಗತಿಯ ಪ್ರತಿಯೊಂದು ಅಂಗವನ್ನೂ ಮಣ್ಣಿನಲ್ಲಿ ಮಾಡಿ ಬಣ್ಣ ಬಳಿದಿದ್ದಾನೆ. ಒಂದನ್ನು ಮಾತ್ರ ಬಿಟ್ಟಿದ್ದಾನೆ: ‘ನಿನ್ನೆ ಏನು ಹೇಳಿದ್ದೆ, ಎದ್ದು ನಿಂತು ಹೇಳು’ ಎನ್ನುವ ಬಾಯಿ. ತರಗತಿಯಲ್ಲಿ ಅತಿ ಕಿರಿಕಿರಿಯಾಗಿದ್ದದ್ದೂ ಅದೇ, ಕಲಿಸಿದ್ದೂ ಅದೇ. ಅಂಚೆ ಶಿಕ್ಷಣಕ್ಕೆ ನಾಂದಿ ಹಾಡಿದವರಲ್ಲಿ ಒಬ್ಬನಾದ ಐಸಾಕ್ ಪಿಟ್ಮನ್‌ಗೆ ಈ ಗುಟ್ಟು ಗೊತ್ತಿತ್ತು. 1840ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪೆನ್ನಿಗೆ ಕಾಗದ ಹೋಗತೊಡಗಿದಾಗ ಆತ ಅಂಚೆಯಲ್ಲಿ ಶೀಘ್ರಲಿಪಿ ಕಲಿಸಿದ. ವಿದ್ಯಾರ್ಥಿಗಳು ಬರೆದು ಕಳಿಸಿದ್ದನ್ನು ತಿದ್ದಿ ವಾಪಸು ಕಳಿಸುತ್ತಿದ್ದ. ಪಾಠ ಹೋಗುವುದಷ್ಟೇ ಅಲ್ಲ, ತಪ್ಪು ಮರಳಿ ಬರುವುದೂ ಅಂಚೆಯ ಕೆಲಸವಾಗಿತ್ತು.

ಆ ಬಾಯಿಯನ್ನು ಪುಸ್ತಕ ಬರೆದವರು ಮರೆತಿಲ್ಲ. ಮುಕ್ತ ವಿಶ್ವವಿದ್ಯಾಲಯದ ಯಾವ ಪಠ್ಯವನ್ನಾದರೂ ತೆರೆದು ನೋಡಿ. ನಾಲ್ಕಾರು ಪುಟಕ್ಕೊಮ್ಮೆ ‘ನಿಮ್ಮ ಪ್ರಗತಿಯನ್ನು ಪರೀಕ್ಷಿಸಿಕೊಳ್ಳಿ’ ಎಂಬ ಧಾಟಿಯ ತಲೆಬರಹ, ಅದರ ಕೆಳಗೆ ಎರಡು ಮೂರು ಪ್ರಶ್ನೆ, ಅದರ ಕೆಳಗೆ ಬರೆಯಲಿಕ್ಕೆಂದು ಖಾಲಿ ಗೆರೆಗಳು, ಉತ್ತರ ಘಟಕದ ಕೊನೆಯಲ್ಲಿ. ಮೇಷ್ಟ್ರು ಅಲ್ಲಿ ಕೂತಿದ್ದಾರೆ, ಆ ಗೆರೆಗಳ ಮೇಲೆ. ನಮ್ಮ ನಾಯಕ ಎಲ್ಲ ಸಾಲಿಗೂ ಬಣ್ಣ ಹಚ್ಚಿ ಇದೊಂದು ಜಾಗವನ್ನು ಮಡಿವಂತರು ಎಂಜಲೆಲೆ ದಾಟಿದ ಹಾಗೆ ದಾಟಿ ಹೋಗುತ್ತಾನೆ. ಕಾಲಕ್ರಮದಲ್ಲಿ ಆ ಗೆರೆಗಳು ವ್ಯರ್ಥವಾಗುವುದಿಲ್ಲ. ಹಾಲಿನವನ ಲೆಕ್ಕಕ್ಕೆ, ಗ್ಯಾಸ್ ಬುಕಿಂಗ್ ನಂಬರಿಗೆ ಒದಗಿ ಬರುತ್ತವೆ. ಅಸೈನ್‌ಮೆಂಟಿನ ಗತಿಯೂ ಇದೇ. ಇಗ್ನೋದಲ್ಲಿ ಶೇ. 30ರಷ್ಟು ಅಂಕವನ್ನು ಅದಕ್ಕೆಂದೇ ಇಟ್ಟಿರುತ್ತಾರೆ, ಯಾರೋ ಒಬ್ಬರು ಓದಿ ತಿದ್ದಲಿ ಎಂದು. ಈತ ಜೆರಾಕ್ಸ್ ಅಂಗಡಿಯಲ್ಲಿ ಸಿದ್ಧ ಉತ್ತರ ಕೊಂಡು, ಮುತ್ತಿನಂಥ ಅಕ್ಷರದಲ್ಲಿ ಇಳಿಸಿ, ಅದರಲ್ಲಿದ್ದ ಮುದ್ರಣದೋಷವನ್ನೂ ಭಕ್ತಿಯಿಂದ ಉಳಿಸಿಕೊಂಡು ಸಲ್ಲಿಸುತ್ತಾನೆ. ತಿದ್ದಿ ಬಂದರೂ ಅಂಕ ನೋಡಿ ಮಡಚಿಡುತ್ತಾನೆ. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದದ್ದು ಅಲ್ಲಿಗೇ ಅನಾಥ.

‘ಅಯ್ಯೋ, ಅವನಿಗೆ ಬೇಕಿರುವುದು ಬಡ್ತಿಗೊಂದು ಸರ್ಟಿಫಿಕೇಟು, ಜ್ಞಾನ ಯಾರಿಗೆ ಬೇಕು?’ ಎನ್ನುವವರಿದ್ದಾರೆ. ಇರಲಿ, ಬಡ್ತಿ ಬಯಸುವುದು ಪಾಪವೇನಲ್ಲ, ಸಂಬಳದಲ್ಲಿ ಮನೆ ನಡೆಸಿದವರಿಗೆ ಅದರ ಬೆಲೆ ಗೊತ್ತು. ಆದರೆ ಬರೀ ಸರ್ಟಿಫಿಕೇಟೇ ಗುರಿಯಾದರೂ ಲೆಕ್ಕ ಬದಲಾಗುವುದಿಲ್ಲ. ಹದಿನಾಲ್ಕು ಸಲ ಓದಿ ನಲವತ್ತು ಉಳಿಸಿಕೊಳ್ಳುವುದು ಲಾಭವೋ, ಮೂರು ನಾಲ್ಕು ಸಲ ಓದಿ ಮುಚ್ಚಿಟ್ಟು ಅರವತ್ತೊಂದು ಉಳಿಸಿಕೊಳ್ಳುವುದು ಲಾಭವೋ? ಮೈಗಳ್ಳರೇ ಮುಂದೆ ನಿಂತು ಅಪ್ಪಿಕೊಳ್ಳಬೇಕಾದ ವಿದ್ಯೆಯಿದು. ಅಪ್ಪಿಕೊಳ್ಳದಿರುವುದಕ್ಕೆ ಕಾರಣ ಶ್ರಮವಲ್ಲ, ಅವಮಾನ. ಪುಸ್ತಕ ಮುಚ್ಚಿ ಕೂತಾಗ ಏನೂ ಗೊತ್ತಿಲ್ಲ ಎಂಬುದು ಗೊತ್ತಾಗುತ್ತದೆ, ಕೋಣೆಯಲ್ಲಿ ಇನ್ನೊಂದು ನರಪಿಳ್ಳೆ ಇಲ್ಲದಿದ್ದರೂ ಮುಖ ಕೆಂಪಾಗುತ್ತದೆ. ಶಾಲೆಯಲ್ಲಿ ನೂರು ಮಕ್ಕಳನ್ನು ಎದ್ದು ನಿಲ್ಲಿಸುವ ಮೇಷ್ಟ್ರಿಗೆ ತಾನೇ ಎದ್ದು ನಿಲ್ಲುವುದು ಇನ್ನೂ ಕಷ್ಟ. ರೆಗ್ಯುಲರ್ ಕಾಲೇಜಿನ ಹುಡುಗರೇನು ಸಾಚಾಗಳೇ ಎಂದು ಕೇಳಿದರೆ, ಖಂಡಿತ ಅಲ್ಲ. ಅವರನ್ನು ಬೇರೆಯವರು ಎದ್ದು ನಿಲ್ಲಿಸುತ್ತಾರೆ, ಅಷ್ಟೇ ವ್ಯತ್ಯಾಸ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು, ಅದಕ್ಕೆ ನಗುವುದು ಸಲ್ಲ: ಸಮಯ ಎಲ್ಲಿದೆ? ಎರಡು ಹೊತ್ತು ಅಡುಗೆ, ಅತ್ತೆಯ ಔಷಧಿ, ಮಕ್ಕಳ ಹೋಮ್‌ವರ್ಕು ಮುಗಿಸಿ ರಾತ್ರಿ ಹತ್ತೂವರೆಗೆ ಪುಸ್ತಕ ಹಿಡಿಯುವ ಹೆಂಗಸಿಗೆ ತಂತ್ರ ಬೋಧಿಸುವುದಕ್ಕಿಂತ ಮನೆಯವರು ಪಾತ್ರೆ ತೊಳೆದುಕೊಟ್ಟರೆ ಹೆಚ್ಚು ಉಪಕಾರ. ಯಾವ ಮನಶ್ಶಾಸ್ತ್ರವೂ ದಿನಕ್ಕೆ ಇಪ್ಪತ್ತೈದನೆಯ ಗಂಟೆ ಸೇರಿಸಿಲ್ಲ. ಆದರೆ ಚೂರುಚೂರಾಗಿ ಸಿಗುವ ಹೊತ್ತು ಓದಿಗೆ ಬಾರದು ಎಂಬ ನಂಬಿಕೆಯಿದೆಯಲ್ಲ, ಅದು ಪೊಳ್ಳು. ಹರ್ಮನ್ ಎಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರುಹೊಡೆದು, ಎಷ್ಟು ದಿನಕ್ಕೆ ಎಷ್ಟು ಮರೆಯುತ್ತೇನೆ ಎಂದು ಅಳೆದುಕೊಂಡು 1885ರಲ್ಲಿ ಪುಸ್ತಕ ಬರೆದ. ಒಂದೇ ಪಟ್ಟಿನಲ್ಲಿ ಕೂತು ಉರುಹೊಡೆಯುವುದಕ್ಕಿಂತ ದಿನಗಳ ಮೇಲೆ ಹಂಚಿಕೊಂಡರೆ ಕಡಿಮೆ ಸಲಕ್ಕೇ ಬಾಯಿಪಾಠವಾಗುತ್ತದೆ ಎಂದು ಆತ ಕಂಡುಕೊಂಡದ್ದನ್ನು ಮುಂದಿನವರು ಮತ್ತೆ ಮತ್ತೆ ದೃಢಪಡಿಸಿದ್ದಾರೆ. ಕುಕ್ಕರಿನ ಮೊದಲ ಸೀಟಿಗೂ ಮೂರನೆಯ ಸೀಟಿಗೂ ನಡುವೆ ನಿನ್ನೆಯ ಘಟಕದ ಎರಡು ಪ್ರಶ್ನೆಗೆ ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳಬಹುದು. ಕೊನೆಯ ಸ್ಟಾಪಿನಲ್ಲಿ ಬಸ್ಸು ನಿಂತ ಹತ್ತು ನಿಮಿಷ ಕಂಡಕ್ಟರಿಗೆ ಸಾಕು. ತೆರಪಿನ ಶಿಕ್ಷಣ ಎಂದು ಹೆಸರಿಟ್ಟವರು ಗೊತ್ತಿದ್ದಿಟ್ಟರೋ ಗೊತ್ತಿಲ್ಲದೆ ಇಟ್ಟರೋ, ನೆನಪು ಬೇರೂರಲು ಬೇಕಾದದ್ದನ್ನೇ ಹೆಸರಿನಲ್ಲಿಟ್ಟರು. ಆದರೆ ನಮ್ಮ ನಾಯಕ ಈ ಚೂರುಗಳನ್ನೆಲ್ಲ ಎಸೆದು, ಪರೀಕ್ಷೆಗೆ ಮುಂಚಿನ ನಾಲ್ಕು ದಿನದ ರಜೆಗೆ ಕಾಯುತ್ತಾನೆ. ಆ ನಾಲ್ಕು ದಿನದಲ್ಲೇ ಭಾವಮೈದ ಬರುವುದು.

ಚೂರು ಹೊತ್ತನ್ನು ನುಂಗುವ ಇನ್ನೊಬ್ಬ ಪಾಲುದಾರನೂ ಇದ್ದಾನೆ. ಪ್ರವೇಶ ಪಡೆದ ಮೂರನೆಯ ದಿನಕ್ಕೆ ವಾಟ್ಸಾಪ್ ಗುಂಪು ಹುಟ್ಟುತ್ತದೆ. ಬೆಳಿಗ್ಗೆ ಗುಲಾಬಿ ಹೂವಿನ ಶುಭೋದಯ, ಮಧ್ಯಾಹ್ನ ಯಾರೂ ತೆರೆಯದ ನಾನೂರು ಪುಟದ ಪಿಡಿಎಫ್, ರಾತ್ರಿ ‘ಸರ್, ಎಕ್ಸಾಮ್ ಮುಂದೆ ಹೋಗತ್ತಂತೆ, ನಿಜಾನಾ?’ ಅದಕ್ಕೆ ಕೈಮುಗಿದ ಇಮೋಜಿ ಅರವತ್ತು. ಸಂಪರ್ಕ ತರಗತಿಗೆ ಹೋದರೂ ಕೇಳುವುದು ಒಂದೇ ಪ್ರಶ್ನೆ: ‘ಸರ್, ಇಂಪಾರ್ಟೆಂಟ್ ಹೇಳಿಬಿಡಿ.’ ಏಕಲವ್ಯನ ಬಲಗೈ ಹೆಬ್ಬೆರಳನ್ನು ಗುರುದಕ್ಷಿಣೆಯಾಗಿ ಕೇಳಿದ್ದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊಬೈಲಿನ ಪರದೆಯನ್ನು ಇಡೀ ಸಂಜೆ ಮೇಲಕ್ಕೆ ತಳ್ಳುತ್ತಿರುವ ಈ ಹೆಬ್ಬೆರಳನ್ನು ನೋಡಿದರೆ, ದ್ರೋಣ ಬಂದದ್ದು ತಪ್ಪು ಕಾಲಕ್ಕೆ, ಕೇಳಿದ್ದು ತಪ್ಪು ಶಿಷ್ಯನನ್ನು ಎನಿಸದೆ ಇರದು. ದಕ್ಷಿಣೆ ಬೇಡ, ಪರೀಕ್ಷೆ ಮುಗಿಯುವವರೆಗೆ ಒತ್ತೆ ಇಟ್ಟುಕೊಂಡರೂ ಸಾಕಿತ್ತು.

ಹೀಗಿದ್ದರೂ ದ್ರೋಣ ಕೆಲವು ಮನೆಗಳಿಗೆ ತಾನಾಗಿ ಬರುವುದುಂಟು, ನಾಲ್ಕನೆಯ ಕ್ಲಾಸಿನ ಮಗಳ ರೂಪದಲ್ಲಿ. ಅಪ್ಪನ ಎದುರು ಕೂತು ಮಗ್ಗಿ ಒಪ್ಪಿಸಿದ ಮೇಲೆ ಅವಳಿಗೆ ಸೇಡು ತೀರಿಸಿಕೊಳ್ಳುವ ಮನಸ್ಸಾಗುತ್ತದೆ. ಅಪ್ಪನ ಪುಸ್ತಕ ಕಿತ್ತುಕೊಂಡು, ಮಿಸ್ಸಿನ ದನಿಯಲ್ಲಿ, ‘ಘಟಕ ನಾಲ್ಕು, ಎರಡನೇ ಪ್ರಶ್ನೆ. ನೋಡದೆ ಹೇಳು’ ಎನ್ನುತ್ತಾಳೆ. ‘ಅದನ್ನ ಓದಿದೀನಮ್ಮ, ಮೂರು ಸಲ ಓದಿದೀನಿ. ಬಾಯಿಗೆ ಬರ್ತಾ ಇಲ್ಲ ಅಷ್ಟೇ.’ ‘ಓದಿದ್ರೆ ಬರ್ಬೇಕು ಅಂತ ನೀನೇ ನಂಗೆ ಹೇಳ್ತೀಯ.’ ಅಪ್ಪ ನೀರು ಕುಡಿಯಲು ಏಳುತ್ತಾನೆ. ಮಗಳು ಖಾಲಿ ಗೆರೆಗಳ ಮೇಲೆ ಬೆರಳಿಟ್ಟು ಹತ್ತಿರದಿಂದ ನೋಡುತ್ತಾಳೆ. ‘ಅಪ್ಪಾ, ಇಲ್ಲಿ ಅರ್ಧ ಲೀಟರ್, ಅರ್ಧ ಲೀಟರ್, ಒಂದು ಲೀಟರ್ ಅಂತ ಬರ್ದಿದೀಯಲ್ಲ, ಇದು ಎರಡನೇ ಪ್ರಶ್ನೆ ಉತ್ತರಾನಾ?’