ಸ್ವಯಂಪಾಕ ಪ್ರವಾಸ ಮೀಮಾಂಸೆ

ಪ್ರವಾಸದ ಶ್ರಮವನ್ನು ಯಾರು ಹೊರಬೇಕೆಂಬ ಪ್ರಶ್ನೆಗೆ ಆಧುನಿಕ ಕಾಲದಲ್ಲಿ ಎರಡು ಉತ್ತರಗಳು ದೊರೆತಿವೆ. ಹಣ ಪಡೆದವರು ಹೊರಬೇಕೆಂಬುದು ಮೊದಲನೆಯದು. 1841ರ ಜುಲೈ 5ರಂದು ಇಂಗ್ಲೆಂಡಿನ ಥಾಮಸ್ ಕುಕ್ ತಲೆಗೊಂದು ಶಿಲಿಂಗಿನಂತೆ ಪಡೆದು, ಸುಮಾರು 500 ಜನರನ್ನು ಲೆಸ್ಟರ್‌ನಿಂದ ಲಫ್‌ಬರೋಗೆ ಪಾನನಿರೋಧ ಸಭೆಯೊಂದಕ್ಕೆ ರೈಲಿನಲ್ಲಿ ಕರೆದೊಯ್ದು, 1863ರಲ್ಲಿ ತನ್ನ ಏರ್ಪಾಟನ್ನು ಸ್ವಿಟ್ಜರ್ಲೆಂಡಿನವರೆಗೂ ವಿಸ್ತರಿಸಿ, ಈ ಉತ್ತರಕ್ಕೆ ವ್ಯವಸ್ಥಿತ ರೂಪ ಕೊಟ್ಟನು. ಹಣವನ್ನೂ ಕೊಟ್ಟು ಶ್ರಮವನ್ನೂ ತಾನೇ ಹೊರುವುದು ಎರಡನೆಯ ಉತ್ತರ. ಇದಕ್ಕೆ ಸ್ವತಂತ್ರ ಪ್ರವಾಸವೆಂದು ಹೆಸರು. ಏಜೆಂಟರ ನೆರವಿಲ್ಲದೆ ವಿದೇಶದಲ್ಲಿ ಅಡುಗೆಮನೆಯುಳ್ಳ ಅಪಾರ್ಟ್‌ಮೆಂಟೊಂದನ್ನು ಕೆಲವು ದಿನಗಳ ಮಟ್ಟಿಗೆ ಬಾಡಿಗೆಗೆ ಹಿಡಿದು, ಅಲ್ಲಿಯೇ ಬೇಯಿಸಿ ಉಂಡು, ಪಾತ್ರೆ ತೊಳೆದಿಟ್ಟು ಮರಳುವುದು ಈ ಎರಡನೆಯ ಮಾರ್ಗದ ಪರಾಕಾಷ್ಠೆ.

ಕನ್ನಡನಾಡಿಗೆ ಈ ಕ್ರಮ ಹೊಸದೆಂದು ಭಾವಿಸಲು ಆಧಾರವಿಲ್ಲ. ಹಿಂದೆ ಮಡಿವಂತ ಯಾತ್ರಿಕರು ಕಾಶಿ ರಾಮೇಶ್ವರಗಳಿಗೆ ಹೊರಟಾಗ ಪರರು ಬೇಯಿಸಿದ್ದನ್ನು ಮುಟ್ಟದೆ, ಛತ್ರಗಳಲ್ಲಿ ಜಾಗವನ್ನೂ ಸೌದೆಯನ್ನೂ ಪಡೆದು ಸ್ವಯಂಪಾಕ ಮಾಡಿಕೊಳ್ಳುತ್ತಿದ್ದರು. ಇಂದು ಬೆಂಗಳೂರಿನ ಕುಟುಂಬವೊಂದು ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನೆನ್ ಕಣಿವೆಯಲ್ಲಿ ಮಾಡುವುದೂ ಬಹುಮಟ್ಟಿಗೆ ಇದನ್ನೇ. ಅಂದು ಸ್ವಯಂಪಾಕಕ್ಕೆ ಕಾರಣ ಮಡಿಯಾಗಿದ್ದರೆ ಇಂದು ಅಲ್ಲಿನ ಹೋಟೆಲುಗಳ ಬಿಲ್ಲು. ಅಂದು ಛತ್ರದ ಪಾರುಪತ್ತೇಗಾರ ಎದುರಿಗೇ ನಿಂತು ಗದರುತ್ತಿದ್ದರೆ ಇಂದಿನವನು ಬಾಗಿಲ ಪಕ್ಕದ ಕೀಲಿಪೆಟ್ಟಿಗೆಯ ಅಂಕಿಗಳನ್ನು ಮೊಬೈಲಿಗೆ ಕಳುಹಿಸಿ ಅಗೋಚರನಾಗಿರುತ್ತಾನೆ. ಗದರಿಕೆ ಮಾತ್ರ ಉಳಿದುಕೊಂಡು, ಲ್ಯಾಮಿನೇಟ್ ಮಾಡಿದ ಹಾಳೆಗಳ ರೂಪದಲ್ಲಿ ಗೋಡೆಗಳ ಮೇಲೆ ನೆಲೆಸಿದೆ.

ಜಾಹೀರಾತನ್ನು ಓದಿ ಅರ್ಥೈಸುವುದು ಈ ವಿದ್ಯೆಯ ಮೊದಲ ಪಾಠವಾಗಿದ್ದು, ಇದಕ್ಕೆ ಶಾಸನ ಓದುವವರ ತಾಳ್ಮೆ ಬೇಕಾಗುತ್ತದೆ. ಆರು ಜನ ಮಲಗಬಹುದು ಎಂದಿರುವಲ್ಲಿ ನಾಲ್ವರು ಮಂಚದ ಮೇಲೆಯೂ ಉಳಿದಿಬ್ಬರು ರಾತ್ರಿ ಮಾತ್ರ ಹಾಸಿಗೆಯಾಗುವ ಸೋಫಾದ ಮೇಲೆಯೂ ಮಲಗಬೇಕೆಂದೂ, ಆಪ್ತವಾದ ಅಟ್ಟದ ಮನೆ ಎಂದಿರುವಲ್ಲಿ ಇಳಿಜಾರು ಸೂರಿನ ತೊಲೆಗಳು ನೆತ್ತಿಯ ಮಟ್ಟಕ್ಕೆ ಬರುತ್ತವೆಂದೂ ತಿಳಿಯತಕ್ಕದ್ದು. ಛಾಯಾಚಿತ್ರದಲ್ಲಿ ಸಭಾಂಗಣದಂತೆ ತೋರುವ ಅಡುಗೆಮನೆಯು ವಿಶಾಲಕೋನದ ಮಸೂರದ ಕೃಪೆಯಾಗಿದ್ದು, ವಾಸ್ತವದಲ್ಲಿ ಅಲ್ಲಿ ಒಬ್ಬರು ಈರುಳ್ಳಿ ಹೆಚ್ಚುತ್ತಿರುವಾಗ ಇನ್ನೊಬ್ಬರು ಫ್ರಿಜ್ಜಿನ ಬಾಗಿಲು ತೆಗೆಯುವಂತಿರುವುದಿಲ್ಲ. ಬೆಲೆಯ ವಿಚಾರವೂ ಇಂತಹುದೇ. ದೊಡ್ಡ ಅಕ್ಷರದಲ್ಲಿರುವ ಬಾಡಿಗೆಯ ಬೆನ್ನಿಗೆ ಕಡೆಯ ದಿನದ ಸ್ವಚ್ಛತಾ ಶುಲ್ಕ, ಕೆಲವೆಡೆ ಹೊದಿಕೆ ಟವೆಲುಗಳ ಶುಲ್ಕ, ತಲೆಗೆ ರಾತ್ರಿಗೆ ಇಷ್ಟೆಂದು ಊರಿನ ಆಡಳಿತ ವಿಧಿಸುವ ಪ್ರವಾಸಿ ತೆರಿಗೆ, ಇವು ಒಂದೊಂದಾಗಿ ಬರುತ್ತವೆ. ಆ ತೆರಿಗೆಗೆ ಪ್ರತಿಯಾಗಿ ಇಂಟರ್‌ಲಾಕೆನ್‌ನಂತಹ ಊರುಗಳಲ್ಲಿ ಸ್ಥಳೀಯ ಬಸ್ಸುಗಳಲ್ಲಿ ಉಚಿತವಾಗಿ ಓಡಾಡುವ ಅತಿಥಿ ಕಾರ್ಡು ಸಿಗುತ್ತದೆಂಬುದನ್ನು ಕುಟುಂಬವು ಸಾಮಾನ್ಯವಾಗಿ ಹೊರಡುವ ಹಿಂದಿನ ದಿನ ಕಂಡುಕೊಳ್ಳುತ್ತದೆ.

ಇಷ್ಟೆಲ್ಲವನ್ನೂ ಓದುವವರು ಯಾರೆಂಬ ಪ್ರಶ್ನೆಯಲ್ಲಿ ಈ ಪ್ರವಾಸಪದ್ಧತಿಯ ಗುಟ್ಟು ಅಡಗಿದೆ. ಪ್ಯಾಕೇಜ್ ಟೂರಿನಲ್ಲಿ ಬಾವುಟ ಹಿಡಿದು ಮುಂದೆ ನಡೆಯುವ ಟೂರ್ ಮ್ಯಾನೇಜರ್ ಇರುತ್ತಾನೆ. ಬಸ್ಸು ತಡವಾದರೆ ಬೈಸಿಕೊಳ್ಳುವುದೂ ಅವನ ಕರ್ತವ್ಯಗಳಲ್ಲೊಂದು. ಸ್ವತಂತ್ರ ಪ್ರವಾಸದಲ್ಲಿ ಆ ಹುದ್ದೆ ರದ್ದಾಗುತ್ತದೆಂದು ಜನ ನಂಬಿದ್ದಾರೆ. ವಾಸ್ತವವಾಗಿ ಹುದ್ದೆ ಹಾಗೆಯೇ ಉಳಿದು, ಸಂಬಳ ಮಾತ್ರ ರದ್ದಾಗಿ, ಕಂಪ್ಯೂಟರ್ ಬಲ್ಲ ಮಗನೋ ಅಳಿಯನೋ ಆ ಸ್ಥಾನಕ್ಕೆ ಅವಿರೋಧವಾಗಿ ಆಯ್ಕೆಯಾಗುತ್ತಾನೆ. ಆಯ್ಕೆಯಾದ ದಿನದಿಂದ ರೈಲು ತಪ್ಪುವುದು, ಮಳೆ ಬರುವುದು, ಯುಂಗ್‌ಫ್ರಾವ್ ಶಿಖರ ಮೋಡದಲ್ಲಿ ಮರೆಯಾಗುವುದು, ಎಲ್ಲವೂ ಅವನ ಲೆಕ್ಕಕ್ಕೆ ಸೇರುತ್ತವೆ. ಮೋಡವನ್ನು ಕಂಡ ಮಾವನವರು "ಬುಕ್ ಮಾಡೋವಾಗ ಇದನ್ನೆಲ್ಲ ನೋಡ್ಕೊಂಡಿರಲಿಲ್ಲವೇನಪ್ಪಾ?" ಎಂದು ಸೌಮ್ಯವಾಗಿ ಕೇಳುವುದು ಈ ಹುದ್ದೆಯ ಏಕೈಕ ವೇತನ.

ಎರಡನೆಯ ಪಾಠ ವೀಸಾಕ್ಕೆ ಸಂಬಂಧಿಸಿದ್ದು. ಯುರೋಪಿನ ಬಹುಪಾಲು ದೇಶಗಳು ಪರಸ್ಪರ ಗಡಿತಪಾಸಣೆಯನ್ನು ಕೈಬಿಟ್ಟು ಮಾಡಿಕೊಂಡಿರುವ ಷೆಂಗೆನ್ ಎಂಬ ಒಕ್ಕೂಟಕ್ಕೆ ಸ್ವಿಟ್ಜರ್ಲೆಂಡೂ 2008ರಲ್ಲಿ ಸೇರಿದ್ದು, ಅದರ ವೀಸಾ ಬಯಸುವವರು ಉಳಿಯುವ ಜಾಗದ ದಾಖಲೆಯನ್ನೂ ಕನಿಷ್ಠ 30,000 ಯುರೋ ಮೊತ್ತದ ವೈದ್ಯಕೀಯ ವಿಮೆಯನ್ನೂ ಅರ್ಜಿಯೊಂದಿಗೆ ಒಪ್ಪಿಸಬೇಕು. ಮನೆ ಹಿಡಿದ ಹೊರತು ವೀಸಾ ಇಲ್ಲ, ವೀಸಾ ಬಂದ ಹೊರತು ಹಿಡಿದ ಮನೆಯಿಂದ ಪ್ರಯೋಜನವಿಲ್ಲ ಎಂಬ ಈ ಸ್ಥಿತಿಯನ್ನು ನಮ್ಮ ತಾರ್ಕಿಕರು ಬೀಜ ಮೊದಲೋ ವೃಕ್ಷ ಮೊದಲೋ ಎಂಬ ಬೀಜವೃಕ್ಷನ್ಯಾಯವೆಂದು ಬಹುಹಿಂದೆಯೇ ಚರ್ಚಿಸಿ ಅನಾದಿಯೆಂದು ಒಪ್ಪಿ ಬಿಟ್ಟಿದ್ದರು. ರದ್ದು ಮಾಡಿದರೆ ಪೂರ್ತಿ ಹಣ ಮರಳಿಸುವ ಮನೆಯನ್ನೇ ಹಿಡಿಯುವುದು ಇದಕ್ಕೆ ಆಧುನಿಕರು ಕಂಡುಕೊಂಡ ಪರಿಹಾರ. ಅಂತಹ ಮನೆಯ ಬಾಡಿಗೆ ತುಸು ಹೆಚ್ಚಿರುವುದರಿಂದ ತರ್ಕಶಾಸ್ತ್ರದ ಸಮಸ್ಯೆಗೂ ಒಂದು ಬೆಲೆಯಿದೆಯೆಂಬುದು ಸಿದ್ಧಪಟ್ಟಿದೆ.

ಮೂರನೆಯದಾದ ಸಾಮಾನು ಪ್ರಕರಣವು ಎಲ್ಲಕ್ಕಿಂತ ವಿಸ್ತಾರವಾದುದು. ಅಡುಗೆಮನೆ ಇದೆಯೆಂದು ತಿಳಿದ ಕೂಡಲೇ ಕುಟುಂಬದ ಹಿರಿಯ ಹೆಂಗಸರು ಸಾರಿನ ಪುಡಿ, ಹುಳಿ ಪುಡಿ, ಚಟ್ನಿಪುಡಿ, ಅವಲಕ್ಕಿ, ಇಂಗು, ಹಪ್ಪಳಗಳನ್ನು ಕಟ್ಟಲಾರಂಭಿಸುತ್ತಾರೆ. ಆದರೆ ಯುರೋಪಿನ ಸುಂಕದ ಕಟ್ಟೆ ಇವರ ಅಡುಗೆಮನೆಯನ್ನು ಬೇರೊಂದು ದೃಷ್ಟಿಯಿಂದ ವಿಂಗಡಿಸಿದೆ. ದನಕರುಗಳ ರೋಗ ಹರಡಬಾರದೆಂಬ ಕಾರಣಕ್ಕೆ ಹೊರದೇಶಗಳ ಪ್ರಯಾಣಿಕರು ಹಾಲಿನ ಉತ್ಪನ್ನಗಳನ್ನು ಒಯ್ಯುವಂತಿಲ್ಲವಾದ್ದರಿಂದ ಊರಿನ ತುಪ್ಪಕ್ಕೂ ಹೆಪ್ಪಿಗಿಟ್ಟ ಮೊಸರಿಗೂ ಪ್ರವೇಶವಿಲ್ಲ. ನಿಂಬೆ ಕಿತ್ತಳೆಗಳ ಸಸ್ಯಕುಟುಂಬಕ್ಕೆ ಸೇರಿದ ಕರಿಬೇವಿನ ಗಿಡವು ಆ ಹಣ್ಣುಗಳ ತೋಟಗಳನ್ನು ಹಾಳುಮಾಡುವ ರೋಗವನ್ನು ಸಾಗಿಸುವ ಕೀಟಕ್ಕೆ ಆಶ್ರಯ ಕೊಡುವುದರಿಂದ, ಒಗ್ಗರಣೆಗೆ ನಾಲ್ಕೆಸಳು ಎಂದು ತಂದ ಸೊಪ್ಪೂ ಅಪರಾಧಿಯೇ. ಸಸ್ಯಾರೋಗ್ಯದ ಪ್ರಮಾಣಪತ್ರವಿಲ್ಲದೆ ಒಳಗೆ ಬರಬಹುದಾದ ಹಣ್ಣುಗಳಾದರೋ ಐದೇ: ಅನಾನಸ್, ಬಾಳೆ, ಖರ್ಜೂರ, ಡ್ಯೂರಿಯನ್ ಮತ್ತು ತೆಂಗು. ಬಾಳೆಹಣ್ಣು ಮತ್ತು ತೆಂಗಿನಕಾಯಿ ಇವೆರಡಕ್ಕೂ ಅನುಮತಿ ಇರುವುದರಿಂದ ಯುರೋಪು ಊಟಕ್ಕೆ ಅಡ್ಡಿಪಡಿಸಿದರೂ ನೈವೇದ್ಯಕ್ಕೆ ಅಡ್ಡಿಪಡಿಸಿಲ್ಲವೆಂದು ಹೇಳಬಹುದು. ಅದೇ ತೆಂಗು ಒಣಗಿ ಕೊಬ್ಬರಿಯಾದ ಕೂಡಲೇ, ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ಪದಾರ್ಥವೆಂದು ವಿಮಾನಯಾನದ ಅಪಾಯಕಾರಿ ಸರಕುಗಳ ಪಟ್ಟಿಗೆ ಸೇರುತ್ತದೆ. ತಿಪಟೂರಿನ ಮಾರುಕಟ್ಟೆಯಲ್ಲಿ ಮೂಟೆಗಟ್ಟಲೆ ನಿರ್ಭಯವಾಗಿ ಕುಳಿತಿರುವ ವಸ್ತು ಇದೆಂಬುದು ಆ ಪಟ್ಟಿಯ ಕರ್ತೃಗಳಿಗೆ ತಿಳಿದಂತಿಲ್ಲ.

ಅಪಾರ್ಟ್‌ಮೆಂಟನ್ನು ಮುಟ್ಟಿದ ಮೇಲೆ ಪಾಕಪ್ರಕರಣ ಆರಂಭವಾಗುತ್ತದೆ. ಅಲ್ಲಿನ ಒಲೆ ಇಂಡಕ್ಷನ್ ಮಾದರಿಯದಾಗಿದ್ದರೆ, ಅಂದರೆ ಕಾಂತಕ್ಷೇತ್ರದ ಏರಿಳಿತದಿಂದ ಪಾತ್ರೆಯ ತಳದಲ್ಲಿಯೇ ವಿದ್ಯುತ್ತನ್ನು ಪ್ರೇರಿಸಿ ಕಾಯಿಸುವಂತಹುದಾಗಿದ್ದರೆ, ಅದಕ್ಕೆ ಕಬ್ಬಿಣದ ಗುಣವುಳ್ಳ ತಳ ಬೇಕೇ ಬೇಕು. ಸಾಮಾನಿನ ತೂಕದ ಮಿತಿಯೊಳಗೆ ಜಾಗ ಮಾಡಿಸಿಕೊಂಡು ಬಂದ ಅಲ್ಯೂಮಿನಿಯಂ ಕುಕ್ಕರು ಆ ಗಾಜಿನ ಮೇಲೆ ಎಷ್ಟು ಹೊತ್ತು ಕುಳಿತರೂ ಬೆಚ್ಚಗಾಗುವುದಿಲ್ಲ. ಮಿಕ್ಸಿಯ ವಿಷಯದಲ್ಲಿ ವಿದ್ಯುತ್ತು ಎರಡೂ ದೇಶಗಳಲ್ಲಿ 230 ವೋಲ್ಟಿನದೇ ಆಗಿದ್ದರೂ, ಸ್ವಿಟ್ಜರ್ಲೆಂಡಿನ ಸಾಕೆಟ್ಟಿನ ತೂತುಗಳಿಗೂ ಭಾರತದ ದಪ್ಪ ಮೂರು ಕಡ್ಡಿಗಳಿಗೂ ಹೊಂದಾಣಿಕೆಯಿಲ್ಲದಿರುವುದರಿಂದ ಅಡಾಪ್ಟರ್ ತರದವರಿಗೆ ಚಟ್ನಿಯೋಗವಿಲ್ಲ. ಬೇಳೆ ಬೇಯದಿದ್ದಾಗ ಬೆಟ್ಟದ ಎತ್ತರವನ್ನು ದೂರುವ ರೂಢಿಯೂ ಉಂಟು. ಸುಮಾರು 1,270 ಮೀಟರ್ ಎತ್ತರದ ವೆಂಗೆನ್ ಹಳ್ಳಿಯಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದು ನಿಜವಾದರೂ, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿಯೂ ಅದು 97ರ ಸುಮಾರಿಗೇ ಕುದಿಯುವುದರಿಂದ, ಒಂದು ಡಿಗ್ರಿಯ ಮೇಲೆ ಇಷ್ಟು ದೊಡ್ಡ ಆಪಾದನೆಯನ್ನು ಹೊರಿಸುವುದು ನ್ಯಾಯವಲ್ಲ. ಕೊನೆಗೆ ಎಣ್ಣೆ ಕಾದು, ಸಾಸಿವೆ ಸಿಡಿದು, ಒಣಮೆಣಸಿನಕಾಯಿ ಕಪ್ಪಾಗುವ ಶುಭಗಳಿಗೆಯಲ್ಲಿ ಸೂರಿನ ಹೊಗೆಸೂಚಕವು ಅರಚಿಕೊಳ್ಳುತ್ತದೆ. ಆ ಯಂತ್ರದ ಪಾಲಿಗೆ ಒಗ್ಗರಣೆಗೂ ಅಗ್ನಿ ಅನಾಹುತಕ್ಕೂ ಭೇದವಿಲ್ಲ. ಇನ್ನು ತುಪ್ಪದ ಕೊರತೆಯು ಬಹುಬೇಗ ನೀಗುತ್ತದೆ. ಬೆಣ್ಣೆ ಕಾಯಿಸಿ ಮಾಡಿದ, ಹೆಚ್ಚುಕಡಿಮೆ ನಮ್ಮ ತುಪ್ಪವೇ ಆದ ಬ್ರಾಟ್‌ಬುಟರ್ ಎಂಬ ಪದಾರ್ಥವನ್ನು ಆ ದೇಶದ ಅಂಗಡಿಗಳು ತಲೆತಲಾಂತರದಿಂದ ಬಲ್ಲವರಂತೆ ಮಾರುತ್ತಿರುತ್ತವೆ.

ಆದರೆ ಅಂಗಡಿ ತೆರೆದಿರಬೇಕು. ಅನೇಕ ಅಪಾರ್ಟ್‌ಮೆಂಟುಗಳ ಬಾಡಿಗೆಯ ವಾರವು ಶನಿವಾರದಿಂದ ಶನಿವಾರಕ್ಕೆ ನಡೆಯುವುದರಿಂದ ಕುಟುಂಬವು ಬಂದಿಳಿಯುವುದು ಶನಿವಾರದ ಸಂಜೆ. ಮರುದಿನ ಭಾನುವಾರವಾದ್ದರಿಂದ ದೊಡ್ಡ ರೈಲು ನಿಲ್ದಾಣಗಳಂತಹ ಕೆಲವೆಡೆಗಳನ್ನು ಬಿಟ್ಟರೆ ದಿನಸಿ ಅಂಗಡಿಗಳಿಗೆ ಬಾಗಿಲು. ಹಾಗಾಗಿ ಆಲ್ಪ್ಸ್‌ನ ಮೊದಲ ದಿನದ ಊಟ ಬಹುಪಾಲು ಅವಲಕ್ಕಿ. ಉಂಡ ಮೇಲಿನ ಕಸದ ವಿಲೇವಾರಿಗೂ ವಿಧಿಗಳಿದ್ದು, ಹಲವು ಊರುಗಳಲ್ಲಿ ಶುಲ್ಕ ಸೇರಿದ ಬೆಲೆಗೆ ಮಾರುವ ಅಧಿಕೃತ ಚೀಲದಲ್ಲಿಯೇ ಕಸವನ್ನು ಕಟ್ಟಿಡಬೇಕು. ಬೆಂಗಳೂರಿನಲ್ಲಿ ಹಸಿ ಕಸ ಒಣ ಕಸಗಳೆಂಬ ದ್ವೈತವನ್ನೇ ಒಪ್ಪದಿದ್ದ ಮಹನೀಯರು ಇಲ್ಲಿ ಗಾಜು, ಕಾಗದ, ಲೋಹಗಳೆಂಬ ಬಹುತತ್ತ್ವವಾದವನ್ನು ತುಟಿಪಿಟಕ್ಕೆನ್ನದೆ ಪಾಲಿಸುತ್ತಾರೆ. ಸುಮಾರು 300 ಮೀಟರ್ ಎತ್ತರದಿಂದ ಧುಮುಕುವ ಷ್ಟೌಬ್‌ಬಾಖ್ ಜಲಪಾತ ಕಿಟಕಿಯ ಆಚೆಗಿರುವಾಗ, ಕಿಟಕಿಯ ಈಚೆಗೆ ಮೊಸರಿನ ಡಬ್ಬಿಯ ಮುಚ್ಚಳ ಯಾವ ಕಸಕ್ಕೆ ಸೇರುತ್ತದೆಂಬ ಗೋಷ್ಠಿ ನಡೆದಿರುತ್ತದೆ.

ಈ ಪ್ರವಾಸದಿಂದಾಗುವ ಉಳಿತಾಯವನ್ನು ಯಜಮಾನರು ಹೋಟೆಲಿನ ದರಪಟ್ಟಿಯೊಂದಿಗೆ ಹೋಲಿಸಿ ಪುನಃ ಪುನಃ ನಿರೂಪಿಸುತ್ತಾರೆ. ಲೆಕ್ಕ ಸರಿಯಾಗಿಯೇ ಇರುತ್ತದೆ. ಅದರಲ್ಲಿ ಅಡುಗೆ ಮಾಡಿದವರ ಕೂಲಿಯ ಕಲಮು ಮಾತ್ರ ಇರುವುದಿಲ್ಲ. ಭಾರತೀಯರ ಪ್ಯಾಕೇಜ್ ಟೂರುಗಳಲ್ಲಿ ಕೆಲವು ಕಂಪನಿಗಳು ಅಡುಗೆಯವರನ್ನು ಸಂಬಳ ಕೊಟ್ಟು ಜೊತೆಗೊಯ್ಯುತ್ತವೆ. ಸ್ವತಂತ್ರ ಪ್ರವಾಸದಲ್ಲಿ ಗೃಹಿಣಿಯನ್ನೇ ಟಿಕೆಟ್ ಕೊಟ್ಟು ಒಯ್ಯಲಾಗುತ್ತದೆ, ಮತ್ತು ಅದನ್ನು ಆಕೆಗೆ ಮಾಡಿಸಿದ ವಿಶ್ರಾಂತಿಯೆಂದು ದಾಖಲಿಸಲಾಗುತ್ತದೆ. ಬೆಳಗ್ಗೆ ಎಲ್ಲರೂ ಬಾಲ್ಕನಿಯಲ್ಲಿ ಹಿಮಶಿಖರದ ಮುಂದೆ ನಿಂತಾಗ, ಒಳಗಿನಿಂದ "ಕಾಫಿ ಯಾರಿಗೆಲ್ಲ?" ಎಂದು ಕೇಳುವ ಧ್ವನಿ ಮಲ್ಲೇಶ್ವರದ ಮನೆಯಲ್ಲಿ ಕೇಳುತ್ತಿದ್ದದ್ದೇ ಆಗಿರುತ್ತದೆ. ಕೆಲವು ಜಾಲತಾಣಗಳಲ್ಲಿ ಅತಿಥಿಯು ಮನೆಗೆ ಅಂಕ ಕೊಡುವಂತೆ ಮನೆಯವನೂ ಅತಿಥಿಗೆ ಅಂಕ ಕೊಡುವ ಪದ್ಧತಿಯಿರುವುದರಿಂದ, ಹೊರಡುವ ಬೆಳಗ್ಗೆ ಒಲೆ ಉಜ್ಜಿ, ಇಂಗಿನ ವಾಸನೆ ಹೋಗಲೆಂದು ಕಿಟಕಿಗಳನ್ನೆಲ್ಲ ತೆರೆದಿಟ್ಟು, ಸ್ವಚ್ಛತಾ ಶುಲ್ಕ ಕೊಟ್ಟ ಮನೆಯನ್ನು ಸ್ವಚ್ಛಗೊಳಿಸಿ ಬರುವುದೂ ಆಕೆಯ ಪಾಲಿಗೇ ಬರುತ್ತದೆ.

ಹೀಗೆ ಪರ್ಯಾಲೋಚಿಸಿದಾಗ, ಸ್ವತಂತ್ರ ಪ್ರವಾಸದಲ್ಲಿ ಸ್ವಾತಂತ್ರ್ಯವು ಕುಟುಂಬಕ್ಕೆ ಒಟ್ಟಾಗಿ ಲಭಿಸುವುದಿಲ್ಲವೆಂದೂ, ಇಬ್ಬರು ದುಡಿಯುವುದರಿಂದ ಉಳಿದವರು ಸ್ವತಂತ್ರರಾಗುತ್ತಾರೆಂದೂ ನಿರ್ಣಯಿಸಬೇಕಾಗುತ್ತದೆ. ಆದ್ದರಿಂದ ವಿದೇಶದ ಅಪಾರ್ಟ್‌ಮೆಂಟಿನಲ್ಲಿ ನಿಜವಾಗಿ ವಿಶ್ರಮಿಸಬಯಸುವವರು ಮನೆ ಹುಡುಕುವ ಮೊದಲೇ ಎರಡು ವಿಷಯಗಳನ್ನು ಎಲ್ಲರೆದುರು ಸ್ಪಷ್ಟಪಡಿಸಿಬಿಡುವುದು ಕ್ಷೇಮ: ತಮಗೆ ಇಂಟರ್‌ನೆಟ್ಟಿನ ವ್ಯವಹಾರ ತಿಳಿಯುವುದಿಲ್ಲ, ಮತ್ತು ತಾವು ಮಾಡಿದ ಸಾರನ್ನು ಇದುವರೆಗೆ ಯಾರೂ ಎರಡನೆಯ ಸಲ ಹಾಕಿಸಿಕೊಂಡಿಲ್ಲ.