ಅಟ್ಟಾವತರಣ ಮೀಮಾಂಸೆ

ಯಾವ ಶಾಸ್ತ್ರಕ್ಕೇ ಆಗಲಿ ಕೈ ಹಾಕುವ ಮುನ್ನ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಈ ಪ್ರಬಂಧದ ವಿಷಯ ರೆಟ್ರೋ ಗೃಹಾಲಂಕಾರ. ಪ್ರಯೋಜನ, ಬಂದ ನೆಂಟರು ಕಾಫಿಗೆ ಮುಂಚೆ ಗೋಡೆ ನೋಡಿ ಬೆಚ್ಚುವುದು. ಸಂಬಂಧ, ಅಟ್ಟಕ್ಕೂ ಪಡಸಾಲೆಗೂ ನಡುವಿನ ಏಣಿ. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು, ಬಾಡಿಗೆ ಮನೆಯಲ್ಲಿದ್ದು ಕಿಸೆಯಲ್ಲಿ ಹತ್ತು ಸಾವಿರಕ್ಕಿಂತ ಹೆಚ್ಚು ಇಲ್ಲದವನು. ಹೆಚ್ಚಿದ್ದವರು ಇಂಟೀರಿಯರ್ ಡಿಸೈನರ್ ಹತ್ತಿರ ಹೋಗಲಿ. ಅವರಿಗೆ ಶಾಸ್ತ್ರ ಬೇಡ, ಚೆಕ್‌ಬುಕ್ ಸಾಕು.

ಮೊದಲು ಲಕ್ಷಣ. ರೆಟ್ರೋ ಎಂದರೆ 'ಹಳೆಯದು' ಎಂದರೆ ಅತಿವ್ಯಾಪ್ತಿ ದೋಷ: ನಮ್ಮ ಗೀಸರೂ ಹಳೆಯದೇ, ಅದರ ಫೋಟೋ ಯಾರೂ ತೆಗೆಯುವುದಿಲ್ಲ. 'ಹಳೆಯದು ಮತ್ತು ಚಂದದ್ದು' ಎಂದರೆ ಅವ್ಯಾಪ್ತಿ: 1970ರ ದಶಕದ ಕಿತ್ತಳೆ-ಕಂದು ಪರದೆ ಯಾವ ಕಾಲಕ್ಕೂ ಚಂದವಿರಲಿಲ್ಲ, ಆದರೂ ಅದು ರೆಟ್ರೋ. ಆದ್ದರಿಂದ ನಿರ್ದುಷ್ಟ ಲಕ್ಷಣ ಇದು: ಅವ್ವ ಬಾಂಡೆ ಮಾರುವವನಿಗೆ ಕೊಟ್ಟು ಕಳಿಸಿದ್ದನ್ನು ಮಗ ದುಡ್ಡು ಸುರಿದು ಮರಳಿ ತಂದರೆ ಅದು ರೆಟ್ರೋ. ಪ್ರತ್ಯಕ್ಷ ಪ್ರಮಾಣಕ್ಕೆ ನಮ್ಮ ಮನೆಯೇ ಇದೆ. ಬಚ್ಚಲಿನ ತಾಮ್ರದ ಹಂಡೆ ಕೊಟ್ಟು ಅವ್ವ ಐದು ಸ್ಟೀಲ್ ಡಬ್ಬಿ, ಮೇಲೊಂದು ಸೌಟು ಗಿಟ್ಟಿಸಿಕೊಂಡಿದ್ದಳು. ಓಣಿ ತುಂಬ ಅವಳ ಚೌಕಾಸಿಯದೇ ಮಾತು. ಅಂಥದೇ ಹಂಡೆಗೆ ಈಗ ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಹದಿನೆಂಟು ಸಾವಿರ ಹೇಳಿದರು. ತಳದಲ್ಲಿ ತೂತಿದೆಯಲ್ಲ ಎಂದೆ. "ತೂತಿದ್ರೇನೇ ಒರಿಜಿನಲ್ ಸಾರ್" ಎಂದರು. ಇದು ಶಬ್ದ ಪ್ರಮಾಣ.

ಇನ್ನು ಪೂರ್ವಪಕ್ಷ. ಈ ಕಣ್ಣು ಕುಕ್ಕುವ ಶೈಲಿ ಪರದೇಶದ್ದು ಎನ್ನುವವರಿದ್ದಾರೆ. 1981ರಲ್ಲಿ ಮಿಲಾನ್ ನಗರದಲ್ಲಿ ಎತ್ತೋರೆ ಸೊಟ್ಸಾಸ್ ಮತ್ತವರ ಗೆಳೆಯರು 'ಮೆಂಫಿಸ್' ಎಂಬ ಹೆಸರಿಟ್ಟುಕೊಂಡು, ಬಣ್ಣಬಣ್ಣದ ಪ್ಲಾಸ್ಟಿಕ್ ಲ್ಯಾಮಿನೇಟ್ ಮೆತ್ತಿದ ಸೊಟ್ಟಪಟ್ಟ ಪೀಠೋಪಕರಣಗಳನ್ನು ಪ್ರದರ್ಶನಕ್ಕಿಟ್ಟದ್ದು ನಿಜ. ಆದರೆ ಸಿದ್ಧಾಂತ ಬೇರೆ. ಅದೇ ಸುಮಾರಿಗೆ ಹುಬ್ಬಳ್ಳಿಯಲ್ಲಿ ನಮ್ಮ ದೊಡ್ಡಪ್ಪ ಊಟದ ಟೇಬಲ್ಲಿಗೆ ಗಿಳಿಹಸಿರು ಸನ್‌ಮೈಕಾ ಅಂಟಿಸಿ, ಅಂಚಿಗೆ ಅಲ್ಯೂಮಿನಿಯಂ ಪಟ್ಟಿ ಹೊಡೆಸಿದ್ದರು. ಬಡಿಗೇರ ಅಳತೆ ತಪ್ಪಿದ್ದರಿಂದ ಅದೂ ಸೊಟ್ಟಗೇ ಇತ್ತು. ಮಿಲಾನಿನ ಮಾಲು ಮ್ಯೂಸಿಯಂ ಸೇರಿತು, ದೊಡ್ಡಪ್ಪನ ಟೇಬಲ್ಲು ಕಾಲು ಮುರಿದುಕೊಂಡು ಅಟ್ಟ ಸೇರಿತು. ಅಲ್ಲಿಂದ ಅದನ್ನು ಇಳಿಸಿ ತರಲು ನನಗೆ ತಗುಲಿದ್ದು ಲಾರಿಯವನಿಗೆ ಕೊಟ್ಟ ಏಳುನೂರು ರೂಪಾಯಿ ಮತ್ತು ದೊಡ್ಡಮ್ಮನ ಒಂದು ತಾಸಿನ ಉಪದೇಶ.

ಗೋಡೆಯ ಪ್ರಕರಣದಲ್ಲಿ ಈ ಲೇಖಕನ ಸ್ವತಂತ್ರ ಸಂಶೋಧನೆಯೊಂದಿದೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಬಿಡುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದು ರೂಢಿ. ಗೋಡೆ ಬೆಳ್ಳಗಿದ್ದರೂ ಮುರಿಯುತ್ತಾರೆ, ಕಿತ್ತಳೆ ಬಣ್ಣಕ್ಕಿದ್ದರೂ ಮುರಿಯುತ್ತಾರೆ. ಆದ್ದರಿಂದ ಕಿತ್ತಳೆ ಬಳಿಯುವುದೇ ಲಾಭ ಎಂದು ಅನುಮಾನ ಪ್ರಮಾಣದಿಂದ ಸಿದ್ಧ. ಒಂದೇ ಗೋಡೆ, ನಾಲ್ಕು ಲೀಟರ್ ಡಿಸ್ಟೆಂಪರ್, ಒಂದು ಭಾನುವಾರ. ಮರುದಿನ ಬಂದ ಹಾಲಿನ ಹುಡುಗ ಇಲ್ಲಿ ಬೇಕರಿ ಶುರುವಾಗುತ್ತದೆಯೇ ಎಂದು ಕೇಳಿದ.

ನೆಲದ ಮಾತು ಕಷ್ಟ. ಸಿಮೆಂಟಿಗೆ ಕೆಂಪು ಆಕ್ಸೈಡ್ ಪುಡಿ ಬೆರೆಸಿ, ಕರಣೆಯಲ್ಲಿ ತಿಕ್ಕಿ ತಿಕ್ಕಿ ನುಣುಪು ಮಾಡಿದ ನೆಲಕ್ಕೆ ಮೂರು ತಲೆಮಾರು ಓಡಾಡಿದ ಮೇಲೆಯೇ ನಿಜವಾದ ಹೊಳಪು. ಹನ್ನೊಂದು ತಿಂಗಳ ಕರಾರಿನವನಿಗೆ ಅಷ್ಟು ಪುರುಸೊತ್ತೆಲ್ಲಿ? ಸೋದರತ್ತೆಯ ಟ್ರಂಕಿನಲ್ಲಿದ್ದ ನವಲಗುಂದದ ಜಮಖಾನೆಯನ್ನು ವಿಟ್ರಿಫೈಡ್ ಟೈಲ್ಸ್ ಮೇಲೆ ಹಾಸಿ ಮರ್ಯಾದೆ ಉಳಿಸಿಕೊಂಡೆ. ಕೆಂಪು, ಹಳದಿ, ಹಸಿರು, ಮೇಲೆ ನವಿಲು. ಅದನ್ನು ನೇಯ್ದ ಹೆಂಗಸರ ಎದೆಗಾರಿಕೆ ಸೊಟ್ಸಾಸ್ ಸಾಹೇಬರಿಗೂ ಬರಬೇಕಿತ್ತು.

ಕೊನೆಗೆ ಗರ್ಭಗುಡಿಯ ದೇವರು, ರೇಡಿಯೋ. ಈ ದೇವರಿಗೂ ಗೃಹಕ್ಕೂ ನಂಟು ಹಳೆಯದು: 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಕಟ್ಟಿದರು. 'ಆಕಾಶವಾಣಿ' ಎಂಬ ಹೆಸರು ಬಂದದ್ದು ಅಲ್ಲಿಂದ. ನಾನು ಅಷ್ಟಕ್ಕೆ ಹೋಗಲಿಲ್ಲ. ಭಾನುವಾರದ ಸಂತೆಯಲ್ಲಿ ಸಾವಿರದ ಐನೂರಕ್ಕೆ ಒಂದು ವಾಲ್ವ್ ರೇಡಿಯೋ ತಂದೆ. ಒಳಗೆ ಜೇಡರ ಬಲೆಯ ಜೊತೆಗೆ ಯಾರದೋ ಲೈಸೆನ್ಸ್ ಪುಸ್ತಕ. ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಪೋಸ್ಟಾಫೀಸಿನಲ್ಲಿ ವರ್ಷಕ್ಕಿಷ್ಟು ಎಂದು ಶುಲ್ಕ ಕಟ್ಟುತ್ತಿದ್ದ ಕಾಲದ್ದು. ಆ ಪುಣ್ಯಾತ್ಮ ಒಂದು ವರ್ಷವೂ ತಪ್ಪಿಸದೆ ಕಟ್ಟಿದ್ದ. ಪುಸ್ತಕಕ್ಕೆ ಕಟ್ಟು ಹಾಕಿಸಿ ರೇಡಿಯೋ ಮೇಲೆಯೇ ತೂಗುಹಾಕಿದೆ. ಕಟ್ಟಿನ ಅಂಗಡಿಯಲ್ಲಿ ಕೊಟ್ಟದ್ದು ಆರುನೂರು. ಸ್ವಿಚ್ ಒತ್ತಿದರೆ ವಾಲ್ವು ಕಾಯುವವರೆಗೆ ಮೌನ, ಆಮೇಲೆ ಹಸಿರು ಕಣ್ಣು ನಿಧಾನಕ್ಕೆ ಬಿಡುತ್ತದೆ, ಆಮೇಲೂ ಮೌನ. ಅಲಂಕಾರಕ್ಕೆ ಸದ್ದು ಅವಶ್ಯವಲ್ಲವೆಂದು ನನ್ನ ಮತ. ಮನೆಯವಳದ್ದು ಬೇರೆ.

ಶಾಸ್ತ್ರಕ್ಕೆ ಖಂಡನೆ ಬಂದದ್ದು ದೀಪಾವಳಿಗೆ, ಸೋದರತ್ತೆಯ ರೂಪದಲ್ಲಿ. ಆಕೆಯೇ ಹಳೇ ಸೀರೆಗಳ ತುಂಡು ಕೂಡಿಸಿ ಹೊಲಿದುಕೊಟ್ಟಿದ್ದ ಕೌದಿಯನ್ನು ಕಿತ್ತಳೆ ಗೋಡೆಗೆ ಹರವಿ ಮೂಲೆಗೊಂದು ಮೊಳೆ ಹೊಡೆದಿದ್ದೆ. ಅತ್ತೆ ಚೀಲ ಕೆಳಗಿಡುವ ಮೊದಲೇ ನೋಡಿದಳು.

"ಅಲ್ಲೋ ತಮ್ಮಾ, ಹೊಚ್ಚಗೊಳ್ಳೋ ಕೌದಿಗೆ ಮೊಳಿ ಹೊಡದೀಯಲ್ಲೋ! ಅದರಾಗ ನಿಮ್ಮ ಆಯಿ ಸೀರಿ ಐತಿ."

ಅತ್ತೆ, ಇದು ರೆಟ್ರೋ ಎಂದೆ.

"ಏನಾರ ಇರವಲ್ದ್ಯಾಕ, ರಾತ್ರಿ ಚಳಿ ಆಕ್ಕೈತಿ. ಕೆಳಗ ತಗಿ."

ತೆಗೆದೆ. ಗೋಡೆಯಲ್ಲೀಗ ನಾಲ್ಕು ತೂತುಗಳಿವೆ, ಅಂಗಡಿಯವರ ಪ್ರಮಾಣದಂತೆ ಒರಿಜಿನಲ್. ಅತ್ತೆ ಊರಿಗೆ ಹೋಗುವಾಗ ಜಮಖಾನೆಯನ್ನೂ ಸುತ್ತಿಕೊಂಡು ಹೋದಳು.

ಓದುಗರಲ್ಲಿ ಒಂದು ಬಿನ್ನಹ. ನನ್ನ ರೇಡಿಯೋಕ್ಕೆ ಹಿಂದಿನ ರಟ್ಟಿನ ಮುಚ್ಚಳವಿಲ್ಲ, ಒಳಗೆ ಹಲ್ಲಿ ಸಂಸಾರ ಹೂಡಿದೆ. ಹದಿನೆಂಟು ಅಂಗುಲ ಅಗಲದ್ದು ನಿಮ್ಮ ಅಟ್ಟದಲ್ಲಿದ್ದರೆ, ನಿಮ್ಮ ಅವ್ವ ಬಾಂಡೆಯವನನ್ನು ಕರೆಯುವ ಮೊದಲು ದಯವಿಟ್ಟು ಪತ್ರಿಕೆಗೆ ಒಂದು ಕಾರ್ಡು ಹಾಕಿ.